ವಿಯೆಟ್ನಾಂ ಸ್ವಾತಂತ್ರ್ಯ ಹೋರಾಟವನ್ನು ಓದುವ ಬಗೆ: 1858ರಿಂದ 1956ರವರೆಗೆ

ವಿಯೆಟ್ನಾಂ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಮೆರಿಕದ ಯುದ್ಧ. ಓದಲು ಹೊರಟವರು ಸಾಮಾನ್ಯವಾಗಿ 1965ರ ಸುಮಾರಿಗೆ ಪುಟ ತೆರೆಯುತ್ತಾರೆ. ಅಲ್ಲಿಂದ ಶುರುಮಾಡಿದರೆ ಆ ದೇಶದ ಜನ ಎರಡು ದೊಡ್ಡ ಶಕ್ತಿಗಳ ಜಗಳದಲ್ಲಿ ಸಿಕ್ಕಿಬಿದ್ದವರಂತೆ ಕಾಣುತ್ತಾರೆಯೇ ಹೊರತು, ನೂರು ವರ್ಷಗಳಿಂದ ತಮ್ಮದೇ ಕಾರಣಗಳಿಗಾಗಿ ಹೋರಾಡುತ್ತ ಬಂದವರಾಗಿ ಕಾಣುವುದಿಲ್ಲ. ಈ ಇತಿಹಾಸವನ್ನು ಮೊದಲ ಬಾರಿಗೆ ಕ್ರಮವಾಗಿ ಓದಬೇಕೆನ್ನುವವರಿಗೆ, ಮತ್ತು ಅದನ್ನು ತರಗತಿಯಲ್ಲಿಯೋ ಓದುಗರ ಬಳಗದಲ್ಲಿಯೋ ವಿವರಿಸಬೇಕಾದವರಿಗೆ, ಯಾವುದನ್ನು ಮೊದಲು ಓದಬೇಕು, ಎಲ್ಲಿ ನಿಧಾನಿಸಬೇಕು, ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ಈ ಬರಹ ತಿಳಿಸುತ್ತದೆ.

ಓದಲು ಕೂರುವ ಮೊದಲು ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಎಡಪುಟದಲ್ಲಿ ಘಟನೆ ಮತ್ತು ದಿನಾಂಕವನ್ನು ಬರೆಯಿರಿ. ಬಲಪುಟದಲ್ಲಿ ಎರಡು ಪ್ರಶ್ನೆಗಳಿಗೆ ಮಾತ್ರ ಉತ್ತರ ಬರೆಯಿರಿ: ಇದಕ್ಕೆ ಹಣ ಯಾರದು, ಇಲ್ಲಿ ಪ್ರಾಣ ಯಾರದು. ವಿದೇಶೀ ಹಸ್ತಕ್ಷೇಪ ಎಂಬುದು ಒಂದು ದಿನ ಸೈನಿಕರು ಹಡಗಿನಿಂದ ಇಳಿಯುವುದರೊಂದಿಗೆ ಆರಂಭವಾಗುವುದಿಲ್ಲ. ಸಾಲ, ಒಪ್ಪಂದ, ಮಾನ್ಯತೆಯ ಪತ್ರ, ಸಲಹೆಗಾರರ ತಂಡ ಎಲ್ಲವೂ ಅದಕ್ಕೆ ಮೊದಲೇ ಬಂದಿರುತ್ತವೆ. ಬಲಪುಟವನ್ನು ಶ್ರದ್ಧೆಯಿಂದ ತುಂಬಿಸಿದವರಿಗೆ ಆ ಬೆಳವಣಿಗೆ ವರ್ಷದಿಂದ ವರ್ಷಕ್ಕೆ ಕಣ್ಣೆದುರೇ ಕಾಣುತ್ತದೆ.

ನಕಾಶೆ ಮತ್ತು ಹೆಸರುಗಳು

ಮೊದಲು ನಕಾಶೆಯನ್ನು ನೀವೇ ಕೈಯಲ್ಲಿ ಬರೆಯಿರಿ. ಉತ್ತರದಲ್ಲಿ ಕೆಂಪು ನದಿಯ ಬಯಲು ಮತ್ತು ಹನೋಯ್, ದಕ್ಷಿಣದಲ್ಲಿ ಮೆಕಾಂಗ್ ನದಿಯ ಮುಖಜಭೂಮಿ ಮತ್ತು ಸೈಗಾನ್, ಇವೆರಡರ ನಡುವೆ ಬೆಟ್ಟಕ್ಕೂ ಕಡಲಿಗೂ ಮಧ್ಯೆ ಇಕ್ಕಟ್ಟಾದ ಕರಾವಳಿ, ಅದರಲ್ಲಿ ರಾಜಧಾನಿ ಹ್ಯುಯೆ. ಅದೇ ನಕಾಶೆಯ ಮೇಲೆ ಫ್ರೆಂಚರ ಗೆರೆಗಳನ್ನು ಎಳೆಯಿರಿ. 1858ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್ ನೌಕಾಬಲ ದಾ ನಾಂಗ್ ಮೇಲೆ ದಾಳಿ ಮಾಡಿತು; 1859ರಲ್ಲಿ ಸೈಗಾನ್ ಬಿತ್ತು; 1862ರ ಒಪ್ಪಂದದಲ್ಲಿ ದಕ್ಷಿಣದ ಮೂರು ಪ್ರಾಂತ್ಯಗಳು ಫ್ರಾನ್ಸಿಗೆ ಸೇರಿದವು, 1867ರಲ್ಲಿ ಉಳಿದ ಮೂರು. 1883 ಮತ್ತು 1884ರ ಒಪ್ಪಂದಗಳು ಮಧ್ಯ ಮತ್ತು ಉತ್ತರ ಭಾಗಗಳನ್ನು ಸಂರಕ್ಷಿತ ಪ್ರದೇಶಗಳನ್ನಾಗಿ ಮಾಡಿದವು. ಹೀಗೆ ಒಂದು ದೇಶ ಕೊಚಿನ್‌ಚೀನಾ, ಅನ್ನಾಂ, ಟೊಂಕಿನ್ ಎಂಬ ಮೂರು ತುಂಡುಗಳಾಗಿ, 1887ರಲ್ಲಿ ಕಾಂಬೋಡಿಯಾದ ಜೊತೆ ಇಂಡೋಚೈನಾ ಒಕ್ಕೂಟದೊಳಗೆ ಸೇರಿತು. ಲಾವೋಸ್ 1893ರಲ್ಲಿ ಸೇರ್ಪಡೆಯಾಯಿತು. ಆಡಳಿತದ ನಕಾಶೆಯಲ್ಲಿ ವಿಯೆಟ್ನಾಂ ಎಂಬ ಹೆಸರೇ ಉಳಿಯಲಿಲ್ಲ. ಈ ಯುದ್ಧಗಳ ವಿವರಗಳಲ್ಲಿ ಮೊದಲ ಓದಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಆದರೆ ಒಂದು ಸಂಗತಿಯನ್ನು ಬಲಪುಟದಲ್ಲಿ ಗುರುತಿಸಿಕೊಳ್ಳಿ: ಹ್ಯುಯೆಯ ಆಸ್ಥಾನ ನೆರವಿಗಾಗಿ ಚೀನಾದ ಕಡೆ ನೋಡಿತ್ತು; ಫ್ರಾನ್ಸಿನೊಡನೆ ಯುದ್ಧ ಮಾಡಿದ ಚೀನಾ 1885ರ ತಿಯೆನ್‌ತ್ಸಿನ್ ಒಪ್ಪಂದದಲ್ಲಿ ಫ್ರೆಂಚರ ಹಿಡಿತವನ್ನು ಒಪ್ಪಿಕೊಂಡು ಹಿಂದೆ ಸರಿಯಿತು. ದೊಡ್ಡ ನೆರೆಯವನ ನೆರವು ಹೇಗೆ ಕೊನೆಗೊಳ್ಳಬಹುದು ಎಂಬುದರ ಮೊದಲ ದಾಖಲೆ ಇದು.

ಹೆಸರುಗಳು ಅನೇಕರನ್ನು ಹೆದರಿಸುತ್ತವೆ. ವಿಯೆಟ್ನಾಮೀಯರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಸ್ವಂತ ಹೆಸರು ಕೊನೆಯಲ್ಲಿ. ಕರೆಯುವಾಗ ಕೊನೆಯ ಹೆಸರನ್ನೇ ಬಳಸುವುದು ರೂಢಿ. ಆದ್ದರಿಂದ ವೋ ಙುಯೆನ್ ಜ್ಯಾಪ್ ಅವರನ್ನು ಜ್ಯಾಪ್ ಎಂದು, ಙೊ ದಿನ್ ಜಿಯೆಮ್ ಅವರನ್ನು ಜಿಯೆಮ್ ಎಂದು ಉಲ್ಲೇಖಿಸಬೇಕು. ಹೊ ಚಿ ಮಿನ್ ಮಾತ್ರ ಇದಕ್ಕೆ ಪ್ರಸಿದ್ಧ ಅಪವಾದ. ಉಚ್ಚಾರಣೆಯಲ್ಲಿ ಇಂಗ್ಲಿಷ್ ಕಾಗುಣಿತವನ್ನು ನಂಬಿ ಕಷ್ಟಪಡುವ ಬದಲು, ನಾವು ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಪದದ ಆರಂಭದಲ್ಲಿ ಒಮ್ಮೆಯೂ ಬಳಸದೆ ಬಿಡುವ ಙ ಅಕ್ಷರವನ್ನು ನೆನಪಿಸಿಕೊಳ್ಳಿ. ಆ ದೇಶದಲ್ಲಿ ಅತ್ಯಂತ ಸಾಮಾನ್ಯವಾದ ಮನೆತನದ ಹೆಸರು ಆ ಧ್ವನಿಯಿಂದಲೇ ಶುರುವಾಗುತ್ತದೆ. ವಿಯೆಟ್ನಾಮೀ ಬರವಣಿಗೆಯಲ್ಲಿ ಅಡ್ಡಗೆರೆ ಇರುವ 'ಡಿ' ಅಕ್ಷರಕ್ಕೆ ಮಾತ್ರ ದಕಾರದ ಧ್ವನಿ. ಗೆರೆಯಿಲ್ಲದ್ದನ್ನು ಉತ್ತರದವರು ಜಕಾರದ ಹತ್ತಿರ, ದಕ್ಷಿಣದವರು ಯಕಾರದ ಹತ್ತಿರ ಉಚ್ಚರಿಸುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಡಿಯೆಮ್ ಎಂದು ಅಚ್ಚಾದ ಹೆಸರು ಜಿಯೆಮ್ ಆಗುವುದು ಈ ಕಾರಣಕ್ಕೆ.

ಉಪ್ಪು, ಅಕ್ಕಿ, ತೆರಿಗೆ

ನಾಯಕರ ಜೀವನಚರಿತ್ರೆಗಳಿಗೆ ಕೈಹಾಕುವ ಮೊದಲು ತೆರಿಗೆಯ ಅಧ್ಯಾಯವನ್ನು ಓದಬೇಕೆಂದು ನಾನು ಒತ್ತಾಯಿಸುತ್ತೇನೆ. ಹಳ್ಳಿಯವನು ಯಾಕೆ ದಂಗೆಯೆದ್ದ ಎಂಬುದಕ್ಕೆ ಉತ್ತರ ಇರುವುದು ಅಲ್ಲಿ. 1897ರಿಂದ 1902ರವರೆಗೆ ಗವರ್ನರ್ ಜನರಲ್ ಆಗಿದ್ದ ಪೌಲ್ ದುಮೇರ್, ಇಂಡೋಚೈನಾ ತನ್ನ ಖರ್ಚನ್ನು ತಾನೇ ಭರಿಸಬೇಕೆಂದು ಉಪ್ಪು, ಮದ್ಯ, ಅಫೀಮು ಈ ಮೂರರ ಮೇಲೆ ಸರ್ಕಾರದ ಏಕಸ್ವಾಮ್ಯವನ್ನು ಬಿಗಿಗೊಳಿಸಿದರು. ಉಪ್ಪು ತಯಾರಿಸುವವರು ಅದನ್ನು ಸರ್ಕಾರಕ್ಕೇ ಮಾರಬೇಕಿತ್ತು, ಬೇಕಾದಾಗ ಹಲವು ಪಟ್ಟು ಬೆಲೆ ಕೊಟ್ಟು ಕೊಳ್ಳಬೇಕಿತ್ತು. ಪಿತೃಗಳ ಪೂಜೆಗೆ ಮನೆಯಲ್ಲಿಯೇ ಭಟ್ಟಿ ಇಳಿಸುತ್ತಿದ್ದ ಅಕ್ಕಿಯ ಮದ್ಯ ಅಪರಾಧವಾಯಿತು. ಗುತ್ತಿಗೆದಾರರ ಮದ್ಯವನ್ನು ಇಷ್ಟಿಷ್ಟು ಖರೀದಿಸಲೇಬೇಕೆಂದು ಹಳ್ಳಿಗಳಿಗೆ ಪ್ರಮಾಣ ಗೊತ್ತುಪಡಿಸಿದರು. ತಲೆಗಂದಾಯ ಮತ್ತು ಬಿಟ್ಟಿ ದುಡಿಮೆ ಇವಕ್ಕೆ ಸೇರಿಕೊಂಡವು. ರೈಲು, ಸೇತುವೆ, ಬಂದರುಗಳನ್ನು ಫ್ರೆಂಚರು ಕಟ್ಟಿದರು ಎಂಬ ಮಾತು ಪ್ರತಿ ಪುಸ್ತಕದಲ್ಲಿಯೂ ಬರುತ್ತದೆ. ಅದು ನಿಜ, ಆದರೆ ಬಲಪುಟದ ಮೊದಲ ಪ್ರಶ್ನೆಯನ್ನು ಕೇಳಿಕೊಂಡರೆ ಆ ಹಣ ಬಂದದ್ದು ಎಲ್ಲಿಂದ ಎಂಬುದೂ ಜೊತೆಯಲ್ಲಿಯೇ ದಾಖಲಾಗುತ್ತದೆ.

ದಕ್ಷಿಣದ ಮೆಕಾಂಗ್ ಬಯಲಿನಲ್ಲಿ ಕಾಲುವೆಗಳನ್ನು ತೋಡಿ ಹೊಸ ಭೂಮಿಯನ್ನು ಸಾಗುವಳಿಗೆ ತಂದಾಗ, ಅದರಲ್ಲಿ ಹೆಚ್ಚಿನದು ಕೆಲವೇ ಭೂಮಾಲೀಕರ ಕೈಸೇರಿತು. ಉಳುವವರು ಗೇಣಿದಾರರಾಗಿ ಉಳಿದರು. ಸೈಗಾನ್ ಜಗತ್ತಿನ ದೊಡ್ಡ ಅಕ್ಕಿ ಬಂದರುಗಳಲ್ಲಿ ಒಂದಾಯಿತು. ಆ ಬಯಲಿನ ಸಾಲದ ವ್ಯವಹಾರದಲ್ಲಿ ತಮಿಳುನಾಡಿನಿಂದ ಹೋದ ನಾಟ್ಟುಕೋಟೈ ಚೆಟ್ಟಿಯಾರರೂ ಇದ್ದರು. 1930ರ ಆರ್ಥಿಕ ಕುಸಿತದಲ್ಲಿ ಅಕ್ಕಿಯ ಬೆಲೆ ಬಿದ್ದಾಗ ಸಾಲ ಹಾಗೆಯೇ ಉಳಿಯಿತು, ಜಮೀನು ಹೋಯಿತು.

ಪ್ರತಿರೋಧದ ತಲೆಮಾರುಗಳನ್ನು ಬೇರ್ಪಡಿಸಿ ಓದಿ

ಹೋರಾಟಗಾರರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಯಾವುದೂ ಸ್ಪಷ್ಟವಾಗುವುದಿಲ್ಲ. 1885ರಲ್ಲಿ ಬಾಲಸಾಮ್ರಾಟ ಹಾಮ್ ಙಿ ಅರಮನೆ ತೊರೆದು ಬೆಟ್ಟ ಸೇರಿದಾಗ ಎದ್ದ 'ಕಾನ್ ವುವಾಂಗ್', ಅಂದರೆ ರಾಜನಿಗೆ ನೆರವಾಗಿ ಎಂಬ ಚಳವಳಿ, ಪಂಡಿತ ಅಧಿಕಾರಿಗಳದ್ದು. ಅವರು ಕಾಪಾಡಬಯಸಿದ್ದು ಸಿಂಹಾಸನವನ್ನು. 1888ರಲ್ಲಿ ಸೆರೆಸಿಕ್ಕ ಹಾಮ್ ಙಿಯನ್ನು ಅಲ್ಜೀರಿಯಾಕ್ಕೆ ಗಡಿಪಾರು ಮಾಡಲಾಯಿತು.

ಮುಂದಿನ ತಲೆಮಾರಿನ ಇಬ್ಬರು ಫಾನ್‌ಗಳನ್ನು ಎದುರುಬದುರಾಗಿ ಇಟ್ಟು ಓದಿ. ಫಾನ್ ಬೊಯ್ ಚಾವ್ ಅವರಿಗೆ 1905ರಲ್ಲಿ ರಷ್ಯಾವನ್ನು ಸೋಲಿಸಿದ ಜಪಾನ್ ದೊಡ್ಡ ಭರವಸೆಯಾಗಿ ಕಂಡಿತು. ಪೂರ್ವಕ್ಕೆ ಹೋಗೋಣ ಎಂಬ ಚಳವಳಿ ಕಟ್ಟಿ ಯುವಕರನ್ನು ಅಲ್ಲಿಗೆ ಕಲಿಯಲು ಕಳುಹಿಸಿದರು. ಆದರೆ ಜಪಾನ್ 1907ರಲ್ಲಿ ಫ್ರಾನ್ಸಿನೊಡನೆ ಒಪ್ಪಂದ ಮಾಡಿಕೊಂಡಿತ್ತು, ಮತ್ತು 1909ರ ಹೊತ್ತಿಗೆ ಆ ವಿದ್ಯಾರ್ಥಿಗಳೂ ಅವರ ಗುರುವೂ ಹೊರಬೀಳಬೇಕಾಯಿತು. ಫಾನ್ ಚು ಚಿನ್ ಇದಕ್ಕೆ ವಿರುದ್ಧ ದಾರಿಯವರು: ಹೊರಗಿನ ಸೈನ್ಯವನ್ನು ನಂಬುವುದು ಅಪಾಯ, ರಾಜಪ್ರಭುತ್ವವೇ ದೇಶದ ರೋಗ, ಶಿಕ್ಷಣ ಮತ್ತು ಹಕ್ಕುಗಳ ಮೂಲಕ ಜನ ಮೇಲೇಳಬೇಕು ಎಂದು ವಾದಿಸಿದರು. 1908ರಲ್ಲಿ ಮಧ್ಯ ವಿಯೆಟ್ನಾಮಿನಲ್ಲಿ ತೆರಿಗೆ ವಿರೋಧಿ ಪ್ರತಿಭಟನೆಗಳು ಎದ್ದಾಗ, ಹಿಂಸೆಯನ್ನು ಒಪ್ಪದ ಅವರನ್ನೂ ಕೊನ್ ದಾವ್ ದ್ವೀಪದ ಸೆರೆಮನೆಗೆ ತಳ್ಳಲಾಯಿತು. ಶಾಂತಿಯ ದಾರಿಯನ್ನು ಮುಚ್ಚಿದವರು ಯಾರು ಎಂದು ಮುಂದೆ ಯಾರಾದರೂ ಕೇಳಿದರೆ ಈ ವರ್ಷವನ್ನು ತೋರಿಸಿ.

ಮೂರನೆಯ ತಲೆಮಾರನ್ನು ಓದುವಾಗ ಕಮ್ಯುನಿಸ್ಟರು ಒಬ್ಬರೇ ಇದ್ದರೆಂದು ಭಾವಿಸಬೇಡಿ. 1927ರಲ್ಲಿ ಹುಟ್ಟಿದ ವಿಯೆಟ್ನಾಂ ರಾಷ್ಟ್ರೀಯ ಪಕ್ಷ 1930ರ ಫೆಬ್ರವರಿ 10ರಂದು ಯೆನ್ ಬಾಯ್ ಎಂಬಲ್ಲಿ ಸೈನಿಕರ ದಂಗೆಯೆಬ್ಬಿಸಿತು; ಅದರ ನಾಯಕ ಙುಯೆನ್ ಥಾಯ್ ಹೊಕ್ ಮತ್ತು 12 ಸಂಗಡಿಗರನ್ನು ಅದೇ ಜೂನ್ 17ರಂದು ಗಿಲೊಟಿನ್‌ಗೆ ಕೊಡಲಾಯಿತು. ಕಾವ್ ದಾಯ್, ಹೋವಾ ಹಾವ್ ಎಂಬ ಧಾರ್ಮಿಕ ಪಂಥಗಳಿಗೆ ದಕ್ಷಿಣದಲ್ಲಿ ಅಪಾರ ಅನುಯಾಯಿಗಳಿದ್ದರು. ಙುಯೆನ್ ಆಯ್ ಕ್ವೊಕ್ ಎಂಬ ಹೆಸರಿನಲ್ಲಿ 1919ರಲ್ಲಿ ವರ್ಸೇಲ್ಸ್ ಸಮ್ಮೇಳನಕ್ಕೆ ಎಂಟು ಬೇಡಿಕೆಗಳ ಮನವಿ ಕೊಟ್ಟು, 1930ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪಕ್ಷ ಕಟ್ಟಿದ ವ್ಯಕ್ತಿಯೇ ಮುಂದೆ ಹೊ ಚಿ ಮಿನ್ ಆದದ್ದು. ಆ ಮನವಿಯಲ್ಲಿ ಸ್ವಾತಂತ್ರ್ಯದ ಬೇಡಿಕೆಯೇ ಇರಲಿಲ್ಲ. ರಾಜಕೀಯ ಕೈದಿಗಳ ಬಿಡುಗಡೆ, ಪತ್ರಿಕಾ ಸ್ವಾತಂತ್ರ್ಯ, ಸಮಾನ ಕಾನೂನು ಇಂಥವೇ ಇದ್ದವು ಎಂಬುದನ್ನು ಗಮನಿಸಿ. 1930ರಲ್ಲಿ ಙೆ ಆನ್ ಪ್ರಾಂತ್ಯದ ಹಳ್ಳಿಗರ ಮೆರವಣಿಗೆಯ ಮೇಲೆ ವಿಮಾನದಿಂದ ಬಾಂಬು ಹಾಕಲಾಯಿತು.

ಹೊ ಚಿ ಮಿನ್ ನಾಯಕತ್ವದಲ್ಲಿ ಕಮ್ಯುನಿಸ್ಟರು ಮುನ್ನಡೆಸಿದ ಸ್ವಾತಂತ್ರ್ಯ ಕೂಟವಾದ ವಿಯೆಟ್ ಮಿನ್ ತನ್ನ ಪ್ರತಿಸ್ಪರ್ಧಿಗಳನ್ನು 1945ರಿಂದ 1947ರ ನಡುವೆ ಬಲಪ್ರಯೋಗದಿಂದ ಹತ್ತಿಕ್ಕಿದ್ದನ್ನೂ, ಹೋವಾ ಹಾವ್ ಗುರು ಹುಯ್ನ್ ಫು ಸೊ ಅವರನ್ನು ಕೊಂದದ್ದನ್ನೂ ನೋಟುಪುಸ್ತಕದಿಂದ ಬಿಡಬಾರದು. ಆ ಹೋರಾಟವನ್ನು ಗೌರವಿಸುವವನಾಗಿಯೇ ನಾನು ಇದನ್ನು ಹೇಳುತ್ತೇನೆ.

1945ರಲ್ಲಿ ನಿಧಾನಿಸಿ

ಇಡೀ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಮಾತ್ರ ಒಂದು ವಾರ ಕೊಡಬಹುದಾದರೆ ಅದು 1945. 1940ರ ಸೆಪ್ಟೆಂಬರಿನಿಂದ ಜಪಾನೀ ಸೈನ್ಯ ಒಳಗೆ ಬಂದಿತ್ತು, ಫ್ರೆಂಚ್ ಆಡಳಿತ ಅದರೊಡನೆ ಹೊಂದಿಕೊಂಡು ಮುಂದುವರಿದಿತ್ತು. ಇಬ್ಬರು ಯಜಮಾನರ ಅಡಿಯಲ್ಲಿ ಅಕ್ಕಿಯ ಕಡ್ಡಾಯ ವಸೂಲಿ ನಡೆಯಿತು, ಭತ್ತದ ಗದ್ದೆಗಳಲ್ಲಿ ಸೆಣಬು ಬೆಳೆಸಲಾಯಿತು, ಮಿತ್ರಪಕ್ಷಗಳ ಬಾಂಬುಗಳಿಂದ ದಕ್ಷಿಣದ ಅಕ್ಕಿ ಉತ್ತರಕ್ಕೆ ಬರುವ ರೈಲುದಾರಿ ಮುರಿಯಿತು. 1944-45ರ ಚಳಿಗಾಲದಲ್ಲಿ ಉತ್ತರದಲ್ಲಿ ಭೀಕರ ಕ್ಷಾಮ ಬಂತು. ಸತ್ತವರು 20 ಲಕ್ಷ ಎಂದು ಹೊ ಚಿ ಮಿನ್ ಅವರ ಘೋಷಣೆ ಹೇಳುತ್ತದೆ. ಇತಿಹಾಸಕಾರರ ಅಂದಾಜುಗಳು ಅದಕ್ಕಿಂತ ಬಹಳ ಕೆಳಗಿನಿಂದ ಶುರುವಾಗುತ್ತವೆ. ಇಂಥ ಕಡೆ ಒಂದೇ ಸಂಖ್ಯೆಯನ್ನು ಬರೆದುಕೊಳ್ಳದೆ, ಯಾರು ಎಷ್ಟು ಹೇಳಿದರು ಎಂದು ಬರೆದುಕೊಳ್ಳಿ. ಉಗ್ರಾಣಗಳನ್ನು ಒಡೆದು ಅಕ್ಕಿ ಹಂಚಿ ಎಂಬ ವಿಯೆಟ್ ಮಿನ್ ಕರೆ ಹಳ್ಳಿಗಳಲ್ಲಿ ಅದಕ್ಕೆ ತಂದುಕೊಟ್ಟ ವಿಶ್ವಾಸವನ್ನು ಯಾವ ಸಿದ್ಧಾಂತವೂ ತಂದುಕೊಡಲು ಸಾಧ್ಯವಿರಲಿಲ್ಲ.

ಮಾರ್ಚ್ 9ರಂದು ಜಪಾನೀಯರು ಫ್ರೆಂಚ್ ಆಡಳಿತವನ್ನು ಕಿತ್ತೆಸೆದರು. ಆಗಸ್ಟಿನಲ್ಲಿ ಜಪಾನ್ ಶರಣಾಯಿತು. ಆ ಶೂನ್ಯದಲ್ಲಿ ವಿಯೆಟ್ ಮಿನ್ ಅಧಿಕಾರ ಹಿಡಿಯಿತು, ಸಾಮ್ರಾಟ ಬಾವ್ ದಾಯ್ ಪದತ್ಯಾಗ ಮಾಡಿದರು. ಸೆಪ್ಟೆಂಬರ್ 2ರಂದು ಹನೋಯ್‌ನ ಬಾ ದಿನ್ ಚೌಕದಲ್ಲಿ ಓದಿದ ಸ್ವಾತಂತ್ರ್ಯ ಘೋಷಣೆಯನ್ನು ಪೂರ್ತಿಯಾಗಿ ಓದಿ, ಅದು ಚಿಕ್ಕದೇ. ಅದು 1776ರ ಅಮೆರಿಕದ ಘೋಷಣೆಯ ಮಾತುಗಳಿಂದ ಆರಂಭವಾಗಿ, 1791ರ ಫ್ರೆಂಚ್ ಮಾನವಹಕ್ಕುಗಳ ಘೋಷಣೆಯನ್ನು ಉಲ್ಲೇಖಿಸಿ, ಅನಂತರ ಉಪ್ಪು, ಅಫೀಮು, ಸೆರೆಮನೆ, ಕ್ಷಾಮಗಳ ಪಟ್ಟಿಗೆ ಬರುತ್ತದೆ. ನೀವು ಮೊದಲು ಓದಿದ ತೆರಿಗೆಯ ಅಧ್ಯಾಯ ಅಲ್ಲಿ ಎದುರಾಗುತ್ತದೆ. ಆ ವರ್ಷ ಜುಲೈನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಒಂದು ಸಣ್ಣ ತಂಡ ಪ್ಯಾರಾಶೂಟ್‌ನಲ್ಲಿ ಇಳಿದು ವಿಯೆಟ್ ಮಿನ್ ಯೋಧರಿಗೆ ತರಬೇತಿ ಕೊಟ್ಟಿತ್ತು. ಅನಂತರ ಹೊ ಚಿ ಮಿನ್ ಅಧ್ಯಕ್ಷ ಟ್ರೂಮನ್‌ಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ.

ಈಗ ದಕ್ಷಿಣಕ್ಕೆ ಬನ್ನಿ, ಇಲ್ಲಿ ನಮ್ಮ ನಾಡಿನ ಎಳೆಯೊಂದಿದೆ. ಜಪಾನೀ ಸೈನ್ಯದ ಶರಣಾಗತಿಯನ್ನು ಸ್ವೀಕರಿಸಲು ಪಾಟ್ಸ್‌ಡ್ಯಾಮ್‌ನಲ್ಲಿ ದೇಶವನ್ನು 16ನೆಯ ಅಕ್ಷಾಂಶದಲ್ಲಿ ಭಾಗ ಮಾಡಿ, ಉತ್ತರವನ್ನು ಚೀನಾಕ್ಕೂ ದಕ್ಷಿಣವನ್ನು ಬ್ರಿಟನ್ನಿಗೂ ವಹಿಸಲಾಗಿತ್ತು. ಸೈಗಾನಿಗೆ ಬಂದ ಬ್ರಿಟಿಷ್ ಪಡೆಯೆಂದರೆ ಮೇಜರ್ ಜನರಲ್ ಡಗ್ಲಸ್ ಗ್ರೇಸಿ ಅವರ 20ನೆಯ ಭಾರತೀಯ ಡಿವಿಷನ್. ಅದನ್ನು 1942ರಲ್ಲಿ ಕಟ್ಟಿದ್ದು ಬೆಂಗಳೂರಿನಲ್ಲಿ. ಗ್ರೇಸಿ ಸೈನಿಕ ಕಾನೂನು ಘೋಷಿಸಿ, ಸೆರೆಯಲ್ಲಿದ್ದ ಫ್ರೆಂಚ್ ಸೈನಿಕರಿಗೆ ಬಂದೂಕು ಕೊಟ್ಟರು. ಸೆಪ್ಟೆಂಬರ್ 23ರಂದು ಆ ಫ್ರೆಂಚ್ ಸೈನಿಕರು ಸೈಗಾನಿನ ಸರ್ಕಾರಿ ಕಟ್ಟಡಗಳನ್ನು ವಶಪಡಿಸಿಕೊಂಡರು. ಅನಂತರದ ಕಾಳಗದಲ್ಲಿ ಭಾರತೀಯ ಸೈನಿಕರ ಜೊತೆಗೆ, ನಿಶ್ಶಸ್ತ್ರರಾಗಬೇಕಿದ್ದ ಜಪಾನೀ ಸೈನಿಕರನ್ನೂ ವಿಯೆಟ್ನಾಮೀಯರ ವಿರುದ್ಧ ಬಳಸಲಾಯಿತು. ತಾನೇ ಇನ್ನೂ ಸ್ವತಂತ್ರವಾಗದ ದೇಶದ ಸೈನಿಕರನ್ನು ಇನ್ನೊಂದು ದೇಶದ ಸ್ವಾತಂತ್ರ್ಯವನ್ನು ಅಡಗಿಸಲು ಬಳಸಿದ್ದನ್ನು ನೆಹರೂ ಮತ್ತು ಕಾಂಗ್ರೆಸ್ ಬಹಿರಂಗವಾಗಿ ವಿರೋಧಿಸಿದರು. ಪ್ರಾಣ ಯಾರದು ಎಂಬ ಪ್ರಶ್ನೆಗೆ ಈ ಪುಟದಲ್ಲಿ ಬರೆಯಬೇಕಾದ ಉತ್ತರ ನಮ್ಮವರದ್ದೂ ಹೌದು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ದಿನಾಂಕಗಳನ್ನು ಒರೆಗೆ ಹಚ್ಚುವುದು

1946ರಿಂದ 1950ರವರೆಗಿನ ಭಾಗವನ್ನು ದಿನಾಂಕಗಳ ಕ್ರಮದಲ್ಲಿಯೇ ಓದಬೇಕು, ಏಕೆಂದರೆ ಕಾರಣ ಯಾವುದು, ಪರಿಣಾಮ ಯಾವುದು ಎಂಬ ತಪ್ಪುಗಳು ಹೆಚ್ಚಾಗಿ ಆಗುವುದು ಇಲ್ಲಿ. 1946ರ ಫೆಬ್ರವರಿ 28ರಂದು ಚೀನಾ ಉತ್ತರದಿಂದ ಹಿಂದೆ ಸರಿಯಲು ಫ್ರಾನ್ಸಿನೊಡನೆ ಒಪ್ಪಿತು, ಅದಕ್ಕೆ ಪ್ರತಿಯಾಗಿ ಫ್ರಾನ್ಸ್ ಚೀನಾದಲ್ಲಿದ್ದ ತನ್ನ ಹಳೆಯ ವಿಶೇಷ ಹಕ್ಕುಗಳನ್ನು ಬಿಟ್ಟುಕೊಟ್ಟಿತು. ಒಂದು ವಾರದಲ್ಲಿ, ಮಾರ್ಚ್ 6ರಂದು, ಹೊ ಚಿ ಮಿನ್ ಫ್ರೆಂಚ್ ಒಕ್ಕೂಟದೊಳಗಿನ ಸ್ವತಂತ್ರ ರಾಜ್ಯ ಎಂಬ ಸೂತ್ರಕ್ಕೆ ಸಹಿ ಹಾಕಿದರು. ಈ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಆ ಸಹಿಯ ಹಿಂದಿನ ಒತ್ತಡ ಅರ್ಥವಾಗುತ್ತದೆ. ಬೇಸಗೆಯಲ್ಲಿ ಫಾಂಟೇನ್‌ಬ್ಲೋ ಮಾತುಕತೆ ಮುರಿಯಿತು. ನವೆಂಬರ್ 23ರಂದು ಫ್ರೆಂಚ್ ನೌಕೆಗಳೂ ಫಿರಂಗಿಗಳೂ ಹೈಫಾಂಗ್ ಬಂದರಿನ ಮೇಲೆ ಗುಂಡಿನ ಮಳೆಗರೆದವು. ಡಿಸೆಂಬರ್ 19ರಂದು ಹನೋಯ್‌ನಲ್ಲಿ ಯುದ್ಧ ಶುರುವಾಯಿತು. ಯುದ್ಧ ಡಿಸೆಂಬರಿನಲ್ಲಿ ವಿಯೆಟ್ ಮಿನ್ ದಾಳಿಯಿಂದ ಆರಂಭವಾಯಿತು ಎಂದಷ್ಟೇ ಬರೆಯುವ ಪುಸ್ತಕ ನಿಮಗೆ ನವೆಂಬರನ್ನು ಹೇಳಿಲ್ಲ.

ಇನ್ನೊಂದು ಸಾಮಾನ್ಯ ತಪ್ಪು ಕೊರಿಯಾ ಯುದ್ಧವೇ ಅಮೆರಿಕವನ್ನು ವಿಯೆಟ್ನಾಂಗೆ ಎಳೆಯಿತು ಎಂಬುದು. ಫ್ರಾನ್ಸ್ 1949ರಲ್ಲಿ ಬಾವ್ ದಾಯ್ ಅವರನ್ನು ಮುಂದಿಟ್ಟುಕೊಂಡು ಒಂದು ರಾಜ್ಯವನ್ನು ಸ್ಥಾಪಿಸಿತ್ತು. 1950ರ ಜನವರಿಯಲ್ಲಿ ಚೀನಾ ಮತ್ತು ಸೋವಿಯತ್ ಒಕ್ಕೂಟ ಹೊ ಚಿ ಮಿನ್ ಸರ್ಕಾರವನ್ನು ಮಾನ್ಯ ಮಾಡಿದವು. ಫೆಬ್ರವರಿಯಲ್ಲಿ ಅಮೆರಿಕ ಬಾವ್ ದಾಯ್ ಸರ್ಕಾರವನ್ನು ಮಾನ್ಯ ಮಾಡಿ, ಮೇ ತಿಂಗಳಲ್ಲಿ ನೆರವನ್ನು ಪ್ರಕಟಿಸಿತು. ಕೊರಿಯಾ ಯುದ್ಧ ಆರಂಭವಾದದ್ದು ಜೂನ್ 25ರಂದು. ಕೊರಿಯಾ ಆ ನೆರವಿನ ವೇಗ ಹೆಚ್ಚಿಸಿತು, ನಿರ್ಧಾರ ಮಾತ್ರ ಮೊದಲೇ ಆಗಿತ್ತು. 1954ರ ವೇಳೆಗೆ ಈ ಯುದ್ಧದ ಖರ್ಚಿನಲ್ಲಿ ಮುಕ್ಕಾಲು ಪಾಲಿನಷ್ಟನ್ನು ಅಮೆರಿಕವೇ ಹೊರುತ್ತಿತ್ತು. ಇನ್ನೊಂದು ಕಡೆ ಚೀನಾದಿಂದ ಫಿರಂಗಿ, ಟ್ರಕ್ಕು, ತರಬೇತಿ, ಸಲಹೆಗಾರರು ಬಂದರು. ಫ್ರೆಂಚ್ ಕಾನೂನು ಕಡ್ಡಾಯ ಸೇವೆಯ ಯುವಕರನ್ನು ಇಂಡೋಚೈನಾಕ್ಕೆ ಕಳುಹಿಸಲು ಬಿಡುತ್ತಿರಲಿಲ್ಲವಾದ್ದರಿಂದ, ಫ್ರೆಂಚ್ ಧ್ವಜದ ಕೆಳಗೆ ಹೋರಾಡಿದವರಲ್ಲಿ ಮೊರೊಕ್ಕೊ, ಅಲ್ಜೀರಿಯಾ, ಪಶ್ಚಿಮ ಆಫ್ರಿಕದವರು, ವಿದೇಶೀ ಲೀಜನ್ನಿನವರು ಮತ್ತು ವಿಯೆಟ್ನಾಮೀಯರೇ ಬಹುಸಂಖ್ಯಾತರಾಗಿದ್ದರು.

ಫ್ರೆಂಚರು ನಿರ್ಣಾಯಕವಾಗಿ ಸೋತ ದಿಯೆನ್ ಬಿಯೆನ್ ಫು ಕದನದ ಬಗ್ಗೆ ನಿಮಗೆ ಬೇಕಾದಷ್ಟು ಓದು ಸಿಗುತ್ತದೆ, ಆದ್ದರಿಂದ ಇಲ್ಲಿ ಒಂದೇ ಸೂಚನೆ. 1954ರ ಮಾರ್ಚ್ 13ರಿಂದ ಮೇ 7ರವರೆಗಿನ 56 ದಿನಗಳ ಮುತ್ತಿಗೆಗಿಂತ ಅದರ ಹಿಂದಿನ ಜನವರಿಯನ್ನು ಹೆಚ್ಚು ಗಮನವಿಟ್ಟು ಓದಿ. ಎಲ್ಲ ಸಿದ್ಧವಾಗಿದ್ದ ದಾಳಿಯನ್ನು ವಿಯೆಟ್ ಮಿನ್ ಸೇನಾಪತಿ ಜ್ಯಾಪ್ ಕೊನೆಯ ಗಳಿಗೆಯಲ್ಲಿ ನಿಲ್ಲಿಸಿ, ಬೆಟ್ಟದ ಮೇಲೆ ಕೈಯಿಂದಲೇ ಎಳೆದು ತಂದಿದ್ದ ಫಿರಂಗಿಗಳನ್ನು ಹಿಂದಕ್ಕೆ ಎಳೆಸಿದರು. ಎರಡು ಲಕ್ಷಕ್ಕೂ ಹೆಚ್ಚು ಹಳ್ಳಿಗರು ಹೆಗಲ ಮೇಲೆ, ಬಲಪಡಿಸಿದ ಸೈಕಲ್ಲುಗಳ ಮೇಲೆ ಅಕ್ಕಿ ಮದ್ದುಗುಂಡು ಸಾಗಿಸಿದ್ದರಿಂದ ಆ ವಿಳಂಬವನ್ನು ತಾಳಿಕೊಳ್ಳಲು ಸಾಧ್ಯವಾಯಿತು. ಗೇಣಿ ಇಳಿಕೆಯ ಮತ್ತು ಭೂಸುಧಾರಣೆಯ ಭರವಸೆ ಅವರ ಬೆನ್ನ ಹಿಂದಿತ್ತು. ಅದೇ ಭೂಸುಧಾರಣೆ ಮುಂದೆ ಉತ್ತರದಲ್ಲಿ ಸಾವಿರಾರು ಅನ್ಯಾಯದ ಸಾವುಗಳಿಗೆ ಕಾರಣವಾಗಿ, 1956ರಲ್ಲಿ ಸರ್ಕಾರವೇ ತಪ್ಪೊಪ್ಪಿಕೊಳ್ಳಬೇಕಾಯಿತು.

ಜಿನೀವಾ ದಾಖಲೆಯನ್ನು ಓದುವುದು

ಕೊನೆಯ ಹಂತದಲ್ಲಿ ಮೂಲದಾಖಲೆಯನ್ನೇ ಮುಂದಿಟ್ಟುಕೊಳ್ಳಿ. ಯುದ್ಧ ನಿಲ್ಲಿಸಲು ಸೇರಿದ ಸಮ್ಮೇಳನದಲ್ಲಿ 1954ರ ಜುಲೈನಲ್ಲಿ ಜಿನೀವಾದಲ್ಲಿ ಆದದ್ದು ಎರಡು ಬೇರೆ ಕಾಗದಗಳು. ಮೊದಲನೆಯದು ಕದನವಿರಾಮ ಒಪ್ಪಂದ. ಅದಕ್ಕೆ ಸಹಿ ಹಾಕಿದವರು ಫ್ರೆಂಚ್ ಮತ್ತು ವಿಯೆಟ್ ಮಿನ್ ಸೈನ್ಯಗಳ ಪ್ರತಿನಿಧಿಗಳು. ಎರಡನೆಯದು ಅಂತಿಮ ಘೋಷಣೆ. ಅದಕ್ಕೆ ಯಾರೂ ಸಹಿ ಹಾಕಲಿಲ್ಲ, ಬಾಯಿಮಾತಿನ ಸಮ್ಮತಿಯಷ್ಟೇ ದೊರೆಯಿತು. ಅಮೆರಿಕ ಮತ್ತು ಬಾವ್ ದಾಯ್ ಸರ್ಕಾರ ಆ ಸಮ್ಮತಿಯಿಂದಲೂ ದೂರ ಉಳಿದವು. ಘೋಷಣೆಯ 6ನೆಯ ಕಂಡಿಕೆಯಲ್ಲಿ 17ನೆಯ ಅಕ್ಷಾಂಶದ ಸಮೀಪದ ಗೆರೆ ತಾತ್ಕಾಲಿಕವೆಂದೂ, ಅದನ್ನು ರಾಜಕೀಯ ಗಡಿಯೆಂದು ಯಾವ ರೀತಿಯಲ್ಲಿಯೂ ಭಾವಿಸಬಾರದೆಂದೂ ಇದೆ. 7ನೆಯ ಕಂಡಿಕೆಯಲ್ಲಿ 1956ರ ಜುಲೈನಲ್ಲಿ ಸಾರ್ವತ್ರಿಕ ಚುನಾವಣೆ ಎಂದಿದೆ. ಈ ಎರಡು ಕಂಡಿಕೆಗಳನ್ನು ಓದಿದ ಮೇಲೆ, ಉತ್ತರ ವಿಯೆಟ್ನಾಂ ದಕ್ಷಿಣ ವಿಯೆಟ್ನಾಂ ಎಂಬ ಎರಡು ದೇಶಗಳನ್ನು ಜಿನೀವಾ ಸೃಷ್ಟಿಸಿತು ಎಂಬ ವಾಕ್ಯ ಎಲ್ಲಿ ಕಂಡರೂ ಅಡಿಗೆರೆ ಹಾಕಿ ಪ್ರಶ್ನಿಸಿ.

ಗೆರೆ ಅಲ್ಲಿಯೇ ಏಕೆ ಬಿತ್ತು ಎಂಬುದನ್ನೂ ಕೇಳಬೇಕು. ವಿಯೆಟ್ ಮಿನ್ ಬಯಸಿದ್ದು ಇನ್ನೂ ದಕ್ಷಿಣದ ಗೆರೆಯನ್ನು. ಅಮೆರಿಕ ನೇರವಾಗಿ ಯುದ್ಧಕ್ಕಿಳಿಯಬಹುದೆಂಬ ಆತಂಕದಲ್ಲಿ ಚೀನಾದ ಚೌ ಎನ್‌ಲಾಯ್ ಹಿಂದೆ ಸರಿಯುವಂತೆ ಅವರನ್ನು ಒತ್ತಾಯಿಸಿದರು. ಜುಲೈ 20ರೊಳಗೆ ಒಪ್ಪಂದ ಆಗದಿದ್ದರೆ ರಾಜೀನಾಮೆ ಎಂದು ಫ್ರಾನ್ಸಿನ ಪ್ರಧಾನಿ ಮೆಂಡೆಸ್ ಫ್ರಾನ್ಸ್ ಮಾತುಕೊಟ್ಟಿದ್ದರು. ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತ ಅಧ್ಯಕ್ಷ, ಕೆನಡಾ ಮತ್ತು ಪೋಲೆಂಡ್ ಸದಸ್ಯರು. ಅಧಿಕೃತ ಆಹ್ವಾನವಿಲ್ಲದೆಯೂ ಜಿನೀವಾದಲ್ಲಿ ವಿ. ಕೆ. ಕೃಷ್ಣ ಮೆನನ್ ಪ್ರತಿನಿಧಿಗಳ ನಡುವೆ ಓಡಾಡಿ ಮಧ್ಯಸ್ಥಿಕೆ ನಡೆಸಿದರು. ಭಾರತೀಯ ಡಿವಿಷನ್ ಸೈಗಾನಿನಲ್ಲಿ ಇಳಿದು ಆಗ ಒಂಬತ್ತು ವರ್ಷವಾಗಿತ್ತು.

ಬಲಪುಟದ ಕೊನೆಯ ನಮೂದುಗಳು ಬೇಗ ಬೇಗ ಬರುತ್ತವೆ. 1955ರ ಅಕ್ಟೋಬರಿನಲ್ಲಿ ಬಾವ್ ದಾಯ್ ಸರ್ಕಾರದ ಪ್ರಧಾನಿ ಜಿಯೆಮ್ ಒಂದು ಜನಮತಗಣನೆ ನಡೆಸಿ, ಶೇಕಡ 98ಕ್ಕೂ ಹೆಚ್ಚು ಮತ ಬಂತೆಂದು ಘೋಷಿಸಿ ಬಾವ್ ದಾಯ್ ಅವರನ್ನು ತೆಗೆದುಹಾಕಿದರು. ಸೈಗಾನಿನಲ್ಲಿ ಎಣಿಸಿದ ಮತಗಳು ನೋಂದಾಯಿತ ಮತದಾರರಿಗಿಂತ ಹೆಚ್ಚಾಗಿದ್ದವು. ಅಮೆರಿಕದ ಹಣ ಈಗ ಫ್ರೆಂಚರ ಕೈದಾಟಿ ನೇರವಾಗಿ ಸೈಗಾನಿಗೆ ಬರತೊಡಗಿತು. 1956ರ ಏಪ್ರಿಲ್‌ನಲ್ಲಿ ಕೊನೆಯ ಫ್ರೆಂಚ್ ಪಡೆಗಳು ಹಡಗು ಹತ್ತಿದವು.

ನಕಾಶೆಯಲ್ಲಿ ಈಗ ಜಿನೀವಾದ ಗೆರೆಯಾದ ಬೆನ್ ಹಾಯ್ ನದಿಯನ್ನು ಗುರುತಿಸಿ, ಅದರ ಮೇಲಿನ ಹಿಯೆನ್ ಲುವಾಂಗ್ ಸೇತುವೆಯನ್ನೂ ಬರೆಯಿರಿ. ಕದನವಿರಾಮದ ನಂತರದ 300 ದಿನಗಳಲ್ಲಿ ಉತ್ತರದಿಂದ ದಕ್ಷಿಣಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಜನ ಬಂದರು, ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ದಕ್ಷಿಣದಿಂದ ಉತ್ತರಕ್ಕೆ ವಿಯೆಟ್ ಮಿನ್ ಸೈನಿಕರೂ ಕಾರ್ಯಕರ್ತರೂ ಹೋದರು. ಅವರಲ್ಲಿ ಅನೇಕರು ಹೆಂಡತಿ ಮಕ್ಕಳನ್ನು ಊರಿನಲ್ಲಿಯೇ ಬಿಟ್ಟು, ಚುನಾವಣೆ ಮುಗಿದೊಡನೆ ಎರಡು ವರ್ಷದಲ್ಲಿ ಮರಳುತ್ತೇವೆಂದು ಹೇಳಿ ಹೊರಟಿದ್ದರು. 1956ರ ಜುಲೈ ತಿಂಗಳ ಎಡಪುಟದಲ್ಲಿ ಚುನಾವಣೆ ನಡೆಯಲಿಲ್ಲ ಎಂದು ಬರೆದು, ಬಲಪುಟದಲ್ಲಿ ಆ ಮನೆಗಳನ್ನು ನಮೂದಿಸಿ.